ಗುಬ್ಬಿಯ ಅಳತೆ

ಗುಬ್ಬಿ ಬೈಕಿನಿಂದ ಬಿದ್ದಳು ಎಂದರೆ ಆ ಬೀದಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಅದೂ ಓಡಿಸುವಾಗಲ್ಲ, ನಿಲ್ಲಿಸುವಾಗ. ಅದೂ ಎಲ್ಲೋ ಮೂಲೆಯಲ್ಲಲ್ಲ, ಲೈಸೆನ್ಸ್ ಪರೀಕ್ಷೆಯ ಮೈದಾನದಲ್ಲಿ, ಮೊನ್ನೆ ಮೊನ್ನೆ ಹದಿನೆಂಟು ತುಂಬಿದ ಹುಡುಗ ಹುಡುಗಿಯರ ಸಾಲಿನ ಎದುರಿಗೆ.

ಅರವತ್ತೈದು ತುಂಬಿದವರು ಲೈಸೆನ್ಸ್ ಉಳಿಸಿಕೊಳ್ಳಬೇಕಾದರೆ ಮತ್ತೊಮ್ಮೆ ಓಡಿಸಿ ತೋರಿಸಬೇಕು ಎಂಬ ನಿಯಮವಿತ್ತು. ಗುಬ್ಬಿ ಅದನ್ನು ಬರೀ ಕಾಗದದ ಕೆಲಸವೆಂದು ಎಣಿಸಿ, ಬೂಟಿಗೆ ಪಾಲಿಶ್ ಹಾಕಿ, ಮಗಳನ್ನು ಜೊತೆಗೆ ಕರೆದುಕೊಂಡು ಜಂಭದಿಂದಲೇ ಹೋಗಿದ್ದಳು. ಎಂಟರ ಆಕಾರದ ಗೆರೆಯ ಮೇಲೆ ತನ್ನ ಬೈಕು ಕೆಂಪಿಯನ್ನು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ತಿರುಗಿಸಿದಳು. ಸಾಲಿನಲ್ಲಿದ್ದವರು ಬಾಯಿ ಬಿಟ್ಟುಕೊಂಡು ನೋಡಿದರು. ಕೊನೆಗೆ ಬಿಳಿ ಗೆರೆಯ ಮೇಲೆ ನಿಲ್ಲಿಸಿ ಎಡಗಾಲು ಊರಬೇಕಿತ್ತು. ಊರಿದಳು. ಕಾಲು ಹೋದ ಜಾಗದಲ್ಲಿ ನೆಲ ಇರಲಿಲ್ಲ, ಒಂದಂಗುಲ ಕೆಳಗಿತ್ತು. ನೂರೈವತ್ತು ಕಿಲೋ ಕಬ್ಬಿಣ ಅವಸರವಿಲ್ಲದೆ ವಾಲಿತು, ಗುಬ್ಬಿಯನ್ನೂ ಕರೆದುಕೊಂಡು ನೆಲ ಕಚ್ಚಿತು.

ಇನ್‌ಸ್ಪೆಕ್ಟರು ಓಡಿ ಬಂದು ಎಬ್ಬಿಸಿದ. "ಏಟಾಯ್ತಾ ಅಮ್ಮಾ?"

"ಮೊದ್ಲು ಬೈಕಿಗೆ ಏನಾಯ್ತು ನೋಡಿ," ಅಂದಳು.

ಬೈಕಿಗೆ ಏನೂ ಆಗಿರಲಿಲ್ಲ. ಇನ್‌ಸ್ಪೆಕ್ಟರು ಒಳ್ಳೆಯವನೇ. ಒಂದು ತಿಂಗಳು ಬಿಟ್ಟು ಮತ್ತೊಮ್ಮೆ ಬನ್ನಿ ಅಂದ. ಆಗಲೂ ಕಾಲು ಸಿಗದಿದ್ದರೆ ಲೈಸೆನ್ಸ್ ರದ್ದಾಗುತ್ತದೆ, ಅದು ತನ್ನ ಕೈಯಲ್ಲಿಲ್ಲ ಅಂದ. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಸರಿಹೋಗುತ್ತಿತ್ತು. "ಸ್ಕೂಟರ್ ತಗೊಂಡು ಬನ್ನಿ ಅಮ್ಮಾ, ನಿಮ್ಮ ವಯಸ್ಸಿಗೆ ಅದು ಆರಾಮ," ಎಂದೂ ಸೇರಿಸಿದ. ಬಿದ್ದದ್ದನ್ನು ಗುಬ್ಬಿ ಮರೆತಾಳು, ಸ್ಕೂಟರಿನ ಮಾತನ್ನು ಮರೆಯಲಾರಳು.

ಈ ಹೆಸರು ಅವಳಿಗೆ ಬಂದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಅಪ್ಪ ದರ್ಜಿ. ಅಂಗಡಿಗೆ ಅಂಗಿ ಪ್ಯಾಂಟುಗಳ ಜೊತೆಗೆ ಹರಿದ ಬೈಕ್ ಸೀಟುಗಳೂ ಹೊಲಿಗೆಗೆ ಬರುತ್ತಿದ್ದವು. ಹೊಲಿದ ಸೀಟನ್ನು ಬೈಕಿಗೆ ಕೂರಿಸುವ ನೆಪದಲ್ಲಿ ಅವಳೂ ಕೂತು ನೋಡುತ್ತಿದ್ದಳು, ಕೂತವಳು ಬೇಗ ಇಳಿಯುತ್ತಿರಲಿಲ್ಲ. ಕಡೆಗೊಂದು ದಿನ ಗುಜರಿ ಅಂಗಡಿಯ ಮೂಲೆಯಲ್ಲಿ ಚಕ್ರವಿಲ್ಲದೆ ಬಿದ್ದಿದ್ದ ಬೈಕೊಂದನ್ನು ಮನೆಗೆ ಎಳೆದು ತಂದು, ವರ್ಷವಿಡೀ ತಿಕ್ಕಿ ತಿದ್ದಿ ಅದಕ್ಕೆ ಜೀವ ಬರಿಸಿದಳು. ಕೆಂಪು ಬಣ್ಣ ಬಳಿದು, ಹಸುವಿಗೆ ಇಡುವ ಹಾಗೆ ಕೆಂಪಿ ಎಂದು ಹೆಸರಿಟ್ಟಳು. ತೊಂದರೆ ಒಂದೇ. ಅವಳ ಎತ್ತರ ನಾಲ್ಕು ಅಡಿ ಒಂಬತ್ತು ಅಂಗುಲ, ಬೈಕಿನ ಮೇಲೆ ಕೂತರೆ ಎರಡು ಕಾಲೂ ಗಾಳಿಯಲ್ಲಿ. ಅಪ್ಪನ ಕತ್ತರಿ ತೆಗೆದುಕೊಂಡು ಸೀಟಿನ ಸ್ಪಂಜನ್ನು ಕೊರೆದಳು, ಸ್ಪ್ರಿಂಗುಗಳನ್ನು ಗಿಡ್ಡ ಮಾಡಿದಳು, ಫ್ರೇಮನ್ನು ತಿದ್ದಿದಳು. ಕೊನೆಗೂ ಬೈಕು ಅವಳ ಮೈಗೆ ಒಪ್ಪುವಷ್ಟು ತಗ್ಗಿತು. ಮೊದಲ ಸಲ ಬೀದಿಗೆ ಇಳಿದಾಗ ಯಾರೋ "ನೋಡ್ರೋ, ಬೈಕ್ ಮೇಲೆ ಗುಬ್ಬಿ ಕೂತಿದೆ" ಅಂದರು. ಅಂದವರು ಯಾರೆಂದು ಮರೆತುಹೋಯಿತು, ಹೆಸರು ನಿಂತಿತು. ಅವಳಿಗೂ ಅದು ಹಿಡಿಸಿತು.

ಅಪ್ಪನ ಅಂಗಡಿಯೇ ಮುಂದೆ ಅವಳ ಶೆಡ್ಡಾಯಿತು. ಬೈಕಿಗೆ ಹೊಳಪು ಹಚ್ಚುವವರು, ಸದ್ದು ಹೆಚ್ಚಿಸುವವರು ಊರಿಗೆ ನೂರು ಜನ ಸಿಗುತ್ತಾರೆ. ಗುಬ್ಬಿಯದು ಬೇರೆಯೇ ಕಸುಬು, ಅವಳು ಬೈಕನ್ನು ಮೈಗೆ ಹೊಲಿಯುತ್ತಿದ್ದಳು. ಬಲಗೈಯಲ್ಲಿ ಮೂರು ಬೆರಳಿಲ್ಲದ ಬಡಗಿಗೆ ಬ್ರೇಕನ್ನು ಎಡಗೈಗೆ ತಂದುಕೊಟ್ಟಿದ್ದಳು. ಬೆನ್ನು ನೋವಿನ ಅಂಚೆಯವಳಿಗೆ ಹ್ಯಾಂಡಲನ್ನು ಎತ್ತರಿಸಿ, ಹತ್ತಿರಕ್ಕೆ ಎಳೆದು, ಆಕೆ ನಿವೃತ್ತಿಯಾಗುವವರೆಗೂ ನೆಟ್ಟಗೆ ಕೂತು ಕಾಗದ ಹಂಚುವಂತೆ ಮಾಡಿದ್ದಳು. ಶೆಡ್ಡಿನ ನಡುವೆ ಒಂದು ಮರದ ಕುದುರೆ ಇತ್ತು. ಹಿಡಿಕೆ ತಿರುಗಿಸಿದರೆ ಏರುತ್ತದೆ, ಇಳಿಯುತ್ತದೆ, ಪಕ್ಕದಲ್ಲಿ ಅಂಗುಲದ ಗೆರೆಗಳಿವೆ. ಬಂದವರು ಯಾರೇ ಆಗಲಿ, ಮೊದಲು ಅದರ ಮೇಲೆ ಕೂರಬೇಕು. ನಾನು ಸರಿಯಾಗಿಯೇ ಕೂರುತ್ತೇನೆ, ನನಗೆಲ್ಲ ಗೊತ್ತು ಎಂದು ಯಾರಾದರೂ ಶುರು ಮಾಡಿದರೆ, "ಬಾಯಿ ಏನ್ ಬೇಕಾದ್ರೂ ಹೇಳುತ್ತೆ ಸ್ವಾಮಿ, ಕುದುರೆ ಹತ್ತಿ" ಅನ್ನುತ್ತಿದ್ದಳು. ಹಳೆಯ ಗಿರಾಕಿಗಳನ್ನೂ ಬಿಡುತ್ತಿರಲಿಲ್ಲ. ಮೂರು ವರ್ಷಕ್ಕೊಮ್ಮೆ ಹೊಸ ಅಳತೆ ಕೊಡದಿದ್ದರೆ ಅವರ ಬೈಕಿಗೆ ಸುತರಾಂ ಕೈ ಹಾಕುತ್ತಿರಲಿಲ್ಲ.

ಪರೀಕ್ಷೆಯಲ್ಲಿ ಬಿದ್ದು ಬಂದ ಮೇಲೆ ಅವಳು ಕೆಂಪಿಯನ್ನು ಪೂರ್ತಿ ಬಿಚ್ಚಿ ಹರಡಿದಳು. ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನಪಟ್ಟಳು, ಅದು ಸರಿಯಿತ್ತು. ಟೈರನ್ನು ಬೈದಳು, ಅದೂ ಸರಿಯಿತ್ತು. ಬೂಟಿನ ಅಟ್ಟೆ ಸವೆದಿರಬೇಕು ಎಂದು ಹೊಸ ಅಟ್ಟೆ ಹಾಕಿಸಿದಳು. ಕಡೆಗೆ ಗಾರೆಯವನ ಹತ್ತಿರ ಮಟ್ಟಗೋಲು ಕೇಳಿಕೊಂಡು ಪರೀಕ್ಷೆಯ ಮೈದಾನಕ್ಕೇ ಹೋಗಿ, ಬಿಳಿ ಗೆರೆಯ ಮೇಲೆ ಇಟ್ಟು ಬಗ್ಗಿ ನೋಡಿದಳು. ಮೈದಾನ ಮಟ್ಟಸವಾಗಿಯೇ ಇತ್ತು. ಹಲ್ಲಿನ ಡಾಕ್ಟರಾಗಿದ್ದ ಮಗಳು ಫೋನು ಮಾಡಿ, "ಅಮ್ಮಾ, ನಲವತ್ತೈದು ವರ್ಷ ಓಡಿಸಿದ್ದು ಸಾಲ್ದಾ? ಬಿದ್ದು ಸೊಂಟ ಮುರ್ಕೊಂಡ್ರೆ ಏನ್ ಮಾಡ್ತೀಯ?" ಅಂದಳು. ಗುಬ್ಬಿ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಹೀಗೆ ಹತ್ತು ದಿನ ಕಳೆಯಿತು. ಗುಬ್ಬಿಯ ಗಂಡ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಆರಡಿ ಎತ್ತರ, ಮಾತು ಕಡಿಮೆ, ಬೈಕಿನವರ ಬಳಗದಲ್ಲಿ ಅವನ ಹೆಸರು ಕಂಬ. ಮನೆಯಲ್ಲಿ ಇಸ್ತ್ರಿ ಅವನ ಪಾಲಿನ ಕೆಲಸ. ಅಂದು ಬೆಳಿಗ್ಗೆ ಅವಳ ಪ್ಯಾಂಟನ್ನು ಕೈಯಲ್ಲಿ ಹಿಡಿದುಕೊಂಡೇ ಶೆಡ್ಡಿಗೆ ಬಂದ.

"ಗುಬ್ಬೀ, ಎಡಗಾಲಿನ ಅಂಚು ಮಾತ್ರ ನೆಲಕ್ಕೆ ಉಜ್ಜಿ ಸವೆದು ನೂಲು ಬಿಟ್ಟಿದೆ ನೋಡು. ಬಲಗಾಲು ಹೊಸದರ ಹಾಗಿದೆ. ನಿನ್ನ ಎಲ್ಲಾ ಪ್ಯಾಂಟೂ ಹಿಂಗೇ ಇವೆ."

"ಅದಕ್ಕೇನೀಗ?"

"ಏನಿಲ್ಲ. ನಿನ್ನ ಅಳತೆ ತಗೊಂಡು ಎಷ್ಟು ವರ್ಷ ಆಯ್ತು?"

ಗುಬ್ಬಿ ಮರದ ಕುದುರೆಯ ಕಡೆ ನೋಡಿದಳು. ಊರಿನವರ ಕಾಲು ಕೈ ಸೊಂಟವನ್ನೆಲ್ಲ ಮೂರು ವರ್ಷಕ್ಕೊಮ್ಮೆ ಅಳೆದವಳು ತಾನು ಆ ಕುದುರೆ ಹತ್ತಿದ್ದು ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಅದೇ ಕೊನೆ. ಅಂದು ಬಂದದ್ದು ಇಪ್ಪತ್ತಾರು ಅಂಗುಲ. ಆ ಇಪ್ಪತ್ತಾರನ್ನೇ ದೇವರು ಬರೆದ ಹಣೆಬರಹವೆಂಬಂತೆ ನಂಬಿಕೊಂಡು ಇಷ್ಟು ವರ್ಷ ಓಡಿಸಿದ್ದಳು.

ಕುದುರೆ ಹತ್ತಿ ಕೂತಳು. ಗಂಡ ಹಿಡಿಕೆ ತಿರುಗಿಸಿದ. ಇಪ್ಪತ್ತಾರರಲ್ಲಿ ಹೆಬ್ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. ಇಪ್ಪತ್ತೈದಕ್ಕೆ ಇಳಿಸಿದರೂ ಎಡ ಹಿಮ್ಮಡಿ ಮೇಲೆಯೇ ಇತ್ತು. ಇಪ್ಪತ್ತನಾಲ್ಕೂಮುಕ್ಕಾಲಿಗೆ ಬಂದಾಗ ಎರಡೂ ಪಾದ ಕೂತವು. ಎಡ ಮಂಡಿ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ, ಸೊಂಟ ಮೊದಲಿನಷ್ಟು ಅಗಲಕ್ಕೆ ಬಿಡುತ್ತಿರಲಿಲ್ಲ. ಹೋದದ್ದು ಬರೀ ಒಂದೂಕಾಲು ಅಂಗುಲ.

ಎರಡು ದಿನ ಗುಬ್ಬಿ ಮುಖ ಊದಿಸಿಕೊಂಡು ತಿರುಗಿದಳು. ಗಂಡನ ಜೊತೆ ಮಾತಿಲ್ಲ, ಕೆಂಪಿಯ ಜೊತೆಗೂ ಮಾತಿಲ್ಲ. ಅವಳಿಗೆ ನಾಚಿಕೆಯಾಗಿತ್ತು. ನಾಚಿಕೆಯ ಕೆಳಗೆ ಹೆದರಿಕೆಯೂ ಇತ್ತು. ಬೈಕಿಲ್ಲದ ಗುಬ್ಬಿ ಎಂದರೆ ಯಾರು ಎಂದು ಅವಳಿಗೇ ಗೊತ್ತಿರಲಿಲ್ಲ.

ಮೂರನೆಯ ದಿನ ಎದ್ದು, ಬೇರೆ ಗಿರಾಕಿಗಳಿಗೆ ಬರೆಯುವ ಹಾಗೆಯೇ ಒಂದು ಚೀಟಿ ಬರೆದಳು. ಹೆಂಗಸು, ಅರವತ್ತೈದು, ಇಪ್ಪತ್ತನಾಲ್ಕೂಮುಕ್ಕಾಲು, ಎಡ ಮಂಡಿ ಬಾಗಿದೆ, ಸೊಂಟ ಬಿಗಿ, ಹಠಮಾರಿ. ಅದನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಕೆಲಸಕ್ಕೆ ಕೂತಳು. ಬೇರೆ ಯಾರಾದರೂ ಈ ಅಳತೆ ತಂದಿದ್ದರೆ ನಾಲ್ಕು ದಿನದ ಕೆಲಸ. ಆದರೆ ಕೆಂಪಿಯ ಸೀಟಿನ ಸ್ಪಂಜು ಆಗಲೇ ಎರಡು ಬೆರಳು ದಪ್ಪಕ್ಕೆ ಇಳಿದಿತ್ತು, ಇನ್ನೂ ತೆಗೆದರೆ ತಗಡಿನ ಮೇಲೆ ಕೂತಂತೆ. ಸ್ಪ್ರಿಂಗುಗಳನ್ನು ಇನ್ನು ಗಿಡ್ಡ ಮಾಡಿದರೆ ಚಕ್ರ ಹೋಗಿ ಮಡ್‌ಗಾರ್ಡಿಗೆ ಬಡಿಯುತ್ತಿತ್ತು. ಉಳಿದದ್ದು ಒಂದೇ ದಾರಿ. ಸೀಟನ್ನು ಹೊತ್ತಿದ್ದ ಫ್ರೇಮಿನ ಎರಡು ಕೊಳವೆಗಳನ್ನು ಕೊಯ್ದು, ತಗ್ಗಿಸಿ, ಮತ್ತೆ ವೆಲ್ಡ್ ಮಾಡಬೇಕು. ಹಾಗೆ ಮಾಡಿದರೆ ಮುಂದಿನ ಸೀಟು ಹಿಂಚಕ್ರದ ಮುಂದಿನ ತಗ್ಗಿಗೆ ಬಂದು ಕೂರುತ್ತದೆ. ಹಿಂದಿನ ಸೀಟಿಗೆ ಆಧಾರವೇ ಇರುವುದಿಲ್ಲ.

ಹಿಂದಿನ ಸೀಟು ಗಂಡನದು. ಲೈಬ್ರರಿಯ ಹರಿದ ಕುರ್ಚಿಗಳ ದಿಂಬು ಹೊಲಿಸಲು ಬಂದಿದ್ದ ಆ ಉದ್ದನೆಯ ಮನುಷ್ಯನನ್ನು, ಬಸ್ಸು ತಪ್ಪಿತೆಂದು ಅವಳು ಒಮ್ಮೆ ಹಿಂದೆ ಕೂರಿಸಿಕೊಂಡು ಬಿಟ್ಟು ಬಂದಿದ್ದಳು. ಅವನ ಮಂಡಿ ದಾರಿಯುದ್ದಕ್ಕೂ ಅವಳ ಮೊಣಕೈಗೆ ತಾಗುತ್ತಿತ್ತು. ಮದುವೆಯಾದ ವಾರವೇ ಅವನಿಗೆ ಕಾಲಿಡುವ ಸರಳನ್ನು ಎರಡಂಗುಲ ಕೆಳಗಿಳಿಸಿ, ಬೆನ್ನಿಗೊಂದು ಒರಗು ಹೊಲಿದಳು. ಮೂವತ್ತೆಂಟು ವರ್ಷ ಅವನು ಅಲ್ಲಿಯೇ ಕೂತಿದ್ದ. ಮಡಿಲಲ್ಲಿ ಚೀಲ, ಬಾಯಲ್ಲಿ ಮಾತಿಲ್ಲ.

"ಬಿಟ್ಬಿಡ್ತೀನಿ ರೀ," ಅಂದಳು ಅವಳು. "ನಿಮ್ಮನ್ನ ಇಳಿಸಿ ನಾನೊಬ್ಳೇ ತಿರುಗೋದಾದ್ರೆ ಆ ಬೈಕ್ ಯಾಕೆ ಬೇಕು? ಲೈಸೆನ್ಸ್ ಹೋದ್ರೆ ಹೋಗ್ಲಿ."

ಗಂಡ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. "ನೀನು ಓಡಿಸ್ತೀಯ ಅಂತ ತಾನೇ ನಾನು ಹಿಂದೆ ಕೂತಿದ್ದು? ನೀನೇ ಓಡಿಸದಿದ್ರೆ ಆ ಸೀಟನ್ನ ಹಜಾರದಲ್ಲಿ ಹಾಕ್ಕೊಂಡು ಕೂತ್ಕೊಳ್ಳೋದಾ?"

"ನೀವು ಹೇಗೆ ಓಡಾಡ್ತೀರ?"

"ಬಸ್ಸಿಲ್ವಾ? ಬಸ್ಸಲ್ಲಾದ್ರೆ ಪುಸ್ತಕ ಓದ್ಬಹುದು."

ಅದು ತ್ಯಾಗವೋ ಬಿಡುಗಡೆಯ ಸಂತೋಷವೋ ಗುಬ್ಬಿಗೆ ತಿಳಿಯಲಿಲ್ಲ. ಅವನು ಹೋಗಿ ತಾನೇ ಹಿಂದಿನ ಸೀಟಿನ ನಟ್ಟುಗಳನ್ನು ಬಿಚ್ಚತೊಡಗಿದ. ಸ್ಪ್ಯಾನರನ್ನು ಉಲ್ಟಾ ಹಿಡಿದಿದ್ದ. ಅವಳು ಕಸಿದುಕೊಂಡು ತಾನು ಬಿಚ್ಚಿದಳು, ಬಿಚ್ಚುವಾಗ ಕಣ್ಣಲ್ಲಿ ನೀರು ಬಂತು, ಬಂದದ್ದನ್ನು ಗ್ರೀಸಿನ ಕೈಯಲ್ಲೇ ಒರೆಸಿಕೊಂಡು ಮುಖವನ್ನೆಲ್ಲ ಕಪ್ಪು ಮಾಡಿಕೊಂಡಳು.

ಕೊಳವೆಗಳನ್ನು ಕೊಯ್ದಳು. ಕೊಯ್ದ ತುಂಡನ್ನು ಬಿಸಿಲಿಗೆ ಹಿಡಿದು ಒಳಗೆ ನೋಡಿದಳು. ಯೌವನದಲ್ಲಿ ತಾನು ಹಾಕಿದ ಬೆಸುಗೆ ಒಂದು ಗೀರಿಲ್ಲದೆ, ತುಕ್ಕಿನ ಚುಕ್ಕೆಯೂ ಇಲ್ಲದೆ ಹಾಗೆಯೇ ಇತ್ತು. "ಬನ್ರೀ ಇಲ್ಲಿ," ಎಂದು ಗಂಡನನ್ನು ಕೂಗಿ ತೋರಿಸಿದಳು. "ಇಷ್ಟು ವರ್ಷ ನಮ್ಮಿಬ್ಬರನ್ನೂ ಹೊತ್ತಿದೆ. ಹೇಗಿದೆ ನೋಡಿ. ಯಾರು ಮಾಡಿದ್ದು ಅಂದ್ಕೊಂಡ್ರಿ?" ಅವನಿಗೆ ಬೆಸುಗೆಯ ಗಂಧಗಾಳಿ ಗೊತ್ತಿರಲಿಲ್ಲ. ಆದರೂ ಬಹಳ ಹೊತ್ತು ನೋಡಿ, "ಚೆನ್ನಾಗಿದೆ," ಅಂದ. ಹೊಸ ಬೆಸುಗೆಯನ್ನು ಅವಳು ಅದರ ಪಕ್ಕದಲ್ಲಿಟ್ಟು ನೋಡಿ, ತೃಪ್ತಿಯಾಗದೆ ಎರಡು ಸಲ ಉಜ್ಜಿ ತೆಗೆದು, ಮೂರನೆಯ ಸಲಕ್ಕೆ ಒಪ್ಪಿಕೊಂಡಳು.

ತಿಂಗಳು ತುಂಬಿದ ದಿನ ಬೆಳಿಗ್ಗೆ ಅವಳು ಕೆಂಪಿಯ ಮೇಲೆ ಹೊರಟಳು, ಗಂಡ ಬಸ್ಸಿನಲ್ಲಿ ಹೊರಟ. ಮಗಳಿಗೆ ಕ್ಲಿನಿಕ್ಕಿನಲ್ಲಿ ಕೆಲಸವಿತ್ತು. ಮೈದಾನಕ್ಕೆ ಬಂದಾಗ ಗಂಡ ಆಗಲೇ ತಂತಿ ಬೇಲಿಯ ಹೊರಗೆ, ಬಿಸಿಲಲ್ಲಿ ಚೀಲ ಹಿಡಿದು ನಿಂತಿದ್ದ.

ಇನ್‌ಸ್ಪೆಕ್ಟರು ಕೆಂಪಿಯನ್ನು ಎರಡು ಸುತ್ತು ಹಾಕಿದ. ಫ್ರೇಮಿಗೆ ಕೈ ಹಚ್ಚಿದ್ದಕ್ಕೆ ಬೇರೆ ತಪಾಸಣೆ ಇರುತ್ತದೆ, ಅದರ ಕಾಗದ ಸರಿಯಾಗಿತ್ತು. ಆದರೂ ಅವನು ಬಗ್ಗಿ ಬೆಸುಗೆಯ ಮೇಲೆ ಬೆರಳಾಡಿಸಿದ.

"ಎಲ್ಲಿ ಮಾಡಿಸಿದ್ರಿ ಅಮ್ಮಾ ಇದನ್ನ?"

"ಮಾಡಿಸಿದ್ದಲ್ಲ," ಅಂದಳು ಗುಬ್ಬಿ.

ಅವನು ಒಮ್ಮೆ ಅವಳನ್ನೂ ಒಮ್ಮೆ ಬೈಕನ್ನೂ ನೋಡಿದ. ಸ್ಕೂಟರಿನ ಮಾತು ಎತ್ತಲಿಲ್ಲ.

ಗುಬ್ಬಿ ಹತ್ತಿ ಕೂತಳು. ಎರಡೂ ಪಾದ ಹಿಮ್ಮಡಿ ಸಮೇತ ನೆಲದ ಮೇಲೆ ಕೂತವು. ಎಂಟರ ಗೆರೆಯಲ್ಲಿ ಹೋದಳು, ದಿಬ್ಬ ಹತ್ತಿದಳು, ಇಳಿದಳು, ಗಕ್ಕನೆ ನಿಲ್ಲಿಸೆಂದಲ್ಲಿ ನಿಲ್ಲಿಸಿದಳು. ಕೊನೆಗೆ ಬಿಳಿ ಗೆರೆ ಬಂತು. ಎಡಗಾಲು ಇಳಿಸಿದಳು, ಅದು ತನ್ನ ಮನೆಯ ಹೊಸ್ತಿಲು ದಾಟಿದಷ್ಟೇ ಸಹಜವಾಗಿ ನೆಲ ಮುಟ್ಟಿತು. ಕೆಂಪಿ ಎಳ್ಳಷ್ಟೂ ಅಲುಗಲಿಲ್ಲ. ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಚಪ್ಪಾಳೆ ತಟ್ಟಿದಳು, ಇನ್‌ಸ್ಪೆಕ್ಟರು ಕಾಗದಕ್ಕೆ ಸಹಿ ಹಾಕಿದ.

ಆ ಕಾಗದವನ್ನು ಜೇಬಿಗೆ ಸೇರಿಸಿ ಗುಬ್ಬಿ ಬೇಲಿಯ ಹತ್ತಿರ ಬಂದು ಹೆಲ್ಮೆಟ್ ತೆಗೆದಳು. ಗಂಡ ಕನ್ನಡಕ ಕೈಯಲ್ಲಿ ಹಿಡಿದಿದ್ದ, ಕಣ್ಣು ಕೆಂಪಾಗಿತ್ತು.

"ಏನಾಯ್ತ್ರೀ? ಪಾಸಾಯ್ತು. ಯಾಕೆ ಹಿಂಗಿದ್ದೀರ?"

"ಮೂವತ್ತೆಂಟು ವರ್ಷ ನಿನ್ನ ಹೆಲ್ಮೆಟ್ಟಿನ ಹಿಂಭಾಗ ನೋಡ್ಕೊಂಡೇ ಬಂದೆ ಗುಬ್ಬೀ. ತಿರುವು ಬಂತು ಅಂದ್ರೆ ಅದನ್ನೂ ನೋಡ್ತಿರ್ಲಿಲ್ಲ, ಕಣ್ಣು ಮುಚ್ಕೋತಿದ್ದೆ. ನೀನು ಓಡಿಸೋದನ್ನ ನಾನು ನೋಡಿದ್ದು ಇವತ್ತೇ."

ಗುಬ್ಬಿಗೆ ಹೊಗಳಿಕೆ ಹೊಸದಲ್ಲ. ಸ್ಪರ್ಧೆಗಳಲ್ಲಿ ಕಪ್‌ಗಳು ಬಂದಿದ್ದವು, ದೂರದೂರದಿಂದ ಜನ ಹುಡುಕಿಕೊಂಡು ಬಂದಿದ್ದರು. ಈ ಮನುಷ್ಯನೊಬ್ಬ ಏನೂ ಅಂದಿರಲಿಲ್ಲ ಎಂಬುದು ಅವಳಿಗೆ ಈಗ ಹೊಳೆಯಿತು. ನೋಡಿದ್ದರೆ ತಾನೇ ಅನ್ನುವುದು. ಹತ್ತೊಂಬತ್ತರಲ್ಲಿ ಮೊದಲ ಸಲ ಬೀದಿಗೆ ಇಳಿದಾಗ ಉಬ್ಬಿದ್ದ ಎದೆ ಮತ್ತೆ ಅಷ್ಟೇ ಉಬ್ಬಿತು. ಆದರೂ ಬಾಯಿಂದ ಸಣ್ಣ ದನಿಯೇ ಬಂತು.

"ಹೇಗಿತ್ತು?"

"ಸರಿಯಾಗಿ ನೋಡೋಕಾಗ್ಲಿಲ್ಲ. ಬೇಗ ಮುಗಿದುಹೋಯ್ತು." ಅವನು ಕನ್ನಡಕವನ್ನು ಒರೆಸಿ ಮೂಗಿನ ಮೇಲೆ ಕೂರಿಸಿಕೊಂಡ. "ಇನ್ನೊಂದ್ಸಲ ಓಡಿಸ್ತೀಯಾ?"

ಮುಂದಿನ ಹುಡುಗ ಗೆರೆಯ ಹತ್ತಿರ ಕಾಯುತ್ತಿದ್ದ. ಗುಬ್ಬಿ ಅವನಿಗೆ ಒಂದು ನಿಮಿಷ ಇರು ಎಂದು ಕೈ ತೋರಿಸಿ, ಹೆಲ್ಮೆಟ್ ಹಾಕಿಕೊಂಡು ಮೈದಾನದ ನಡುವೆ ಹೋದಳು. ಇನ್‌ಸ್ಪೆಕ್ಟರು ಏನೋ ಹೇಳಲು ಕೈಯೆತ್ತಿದವನು, ಬೇಲಿಯ ಕಡೆ ನೋಡಿ ಇಳಿಸಿದ. ಈ ಸಲ ಅವಳು ಪರೀಕ್ಷೆಗಾಗಿ ಓಡಿಸಲಿಲ್ಲ. ನಿಧಾನವಾಗಿ, ದೊಡ್ಡದಾಗಿ, ಬೈಕು ಪೂರ್ತಿ ವಾಲುವಂತೆ ಎಂಟರ ಗೆರೆಯನ್ನು ಸುತ್ತಿದಳು. ಗಂಡ ಎರಡೂ ಕೈಯಲ್ಲಿ ಬೇಲಿಯ ತಂತಿ ಹಿಡಿದು ನಿಂತು, ಒಂದು ತಿರುವನ್ನೂ ಬಿಡದೆ ಕಣ್ಣು ಬಿಟ್ಟುಕೊಂಡೇ ನೋಡಿದ.