ಎಡಬಾಗಿಲಿನ ಗಾಜು

ಇಂದಿರಾನಗರ ದಾಟುವ ಮೊದಲೇ ಸುನಿಲನ ನೀರಿನ ಟ್ಯಾಂಕರಿನ ಮುಂದಿನ ಗಾಲಿ ಗುರುಗುಟ್ಟತೊಡಗಿತು. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಸದ್ದು ಏರುತ್ತಿತ್ತು, ಎಡಕ್ಕೆ ತಿರುಗಿಸಿದರೆ ಇಳಿಯುತ್ತಿತ್ತು. ಬಲಕ್ಕೆ ತಿರುಗುವಾಗ ಭಾರ ಬೀಳುವುದು ಎಡಗಾಲಿಯ ಮೇಲೆ. ಆದರೆ ಹೋದ ವಾರ ಅವನು ಹೊಸ ಬೇರಿಂಗ್ ಹಾಕಿಸಿದ್ದು ಬಲಗಾಲಿಗೆ.

ಎಡಬಾಗಿಲಿನ ಗಾಜು ಬಹಳ ದಿನದಿಂದ ಸಿಕ್ಕಿಕೊಂಡಿತ್ತು, ಕೆಳಗಿಳಿಯುತ್ತಿರಲಿಲ್ಲ. ಯಾವ ಗಾಲಿಯ ಸದ್ದಾದರೂ ತೆರೆದ ಬಲಕಿಟಕಿಯಿಂದಲೇ ಒಳಬರುತ್ತಿತ್ತು. ಅದನ್ನು ಕೇಳಿ ಸವೆದಿರುವುದು ಬಲಗಾಲಿಯೇ ಎಂದು ಹಟ ಹಿಡಿದಿದ್ದವನು ಅವನು. ಎರಡನ್ನೂ ಎತ್ತಿ ನೋಡೋಣ ಎಂದ ಮೆಕ್ಯಾನಿಕ್ ನಜೀರನಿಗೆ ಟೈಮಿಲ್ಲ ಎಂದಿದ್ದ.

ಹಳೆ ಮದ್ರಾಸ್ ರಸ್ತೆಯ ಅಂಚಿನಲ್ಲಿ, ಪೈಪ್ ಹೂಳಲು ಅಗೆದು ಸಡಿಲ ಮಣ್ಣು ತುಂಬಿದ್ದ ಕಡೆ, ಎಡಗಾಲಿಯಿಂದ ಹೊಗೆಯೆದ್ದಿತು. ಚಕ್ರ ಬಿಗಿದು ಲಾರಿ ನಿಂತೇಬಿಟ್ಟಿತು. ನಜೀರನಿಗೆ ಫೋನ್ ಮಾಡಿ ಮುಗಿಸುವಷ್ಟರಲ್ಲಿ ತಂಗಿ ಶ್ವೇತಳ ಕರೆ ಬಂತು, ಹಲಸೂರಿನ ಡಯಾಲಿಸಿಸ್ ಕೇಂದ್ರದಿಂದ.

"ಅಣ್ಣಾ, ಎಲ್ಲಿದೀಯಾ? ಸಂಪ್ ತಳ ಕಾಣ್ತಿದೆಯಂತೆ. ಈಗ ಮಷೀನಲ್ಲಿರೋರಿಗಷ್ಟೇ ಸಾಲತ್ತಂತೆ. ಅಮ್ಮಂದು ಮುಂದಿನ ಸರದಿ."

"ಅಮ್ಮ ಹೆಂಗಿದಾಳೆ?"

"ಮಲಗಿದ್ರೆ ಉಸಿರು ಕಟ್ಟತ್ತೆ ಅಂತ ಕೂತೇ ಇದಾಳೆ. ಮೊನ್ನೇನೂ ನೀರಿಲ್ಲ ಅಂತ ವಾಪಸ್ ಕಳಿಸಿದ್ರಲ್ಲ. ಬೇರೆ ಟ್ಯಾಂಕರ್ ಯಾವುದೂ ಸಿಗಲ್ವಾ?"

ಕೇಂದ್ರದ ಬೋರ್‌ವೆಲ್ ಬತ್ತಿತ್ತು, ಈ ಲೋಡು ಹೊರಟಿದ್ದು ಅಲ್ಲಿಗೇ. ಈ ಬೇಸಿಗೆಯಲ್ಲಿ ಯಾವ ಟ್ಯಾಂಕರ್ ಖಾಲಿ ಸಿಗುತ್ತದೆ? ಬರುತ್ತೇನೆ ಎಂದಷ್ಟೇ ಹೇಳಿ ಅವನು ಫೋನ್ ಇಟ್ಟ.

ಶಿವಾಜಿನಗರದಿಂದ ನಜೀರ್ ಸ್ಕೂಟರಿನಲ್ಲಿ ಬಂದಿಳಿದ. "ಬೇರಿಂಗ್ ತಂದಿದೀನಿ ಗುರು. ಈ ಸಲ ಯಾವ ಗಾಲಿ ಅಂತ ಅಪ್ಪಣೆ ಆಗ್ಲಿ."

"ಆಮೇಲೆ ಉಗಿಯೋ. ಮೊದಲು ಬಿಚ್ಚು."

ಜಾಕ್ ಕೊಟ್ಟರು. ಲಾರಿ ಏಳಲಿಲ್ಲ, ಜಾಕೇ ಮಣ್ಣಿಗಿಳಿಯಿತು. ಕೆಳಗೆ ಹಲಗೆಯಿಟ್ಟರೆ ಹಲಗೆಯೂ ಇಳಿಯಿತು. ನಜೀರ್ ತುಂಬಿದ ಟ್ಯಾಂಕನ್ನು ನೋಡಿ ಮುಖ ತಿರುಗಿಸಿದ.

"ನೀರು ಬಿಡ್ಬೇಕು, ಸುನಿಲ್."

"ತಲೆ ಕೆಟ್ಟಿದೆಯಾ? ಅಮ್ಮನ ನೀರು ಕಣೋ ಇದು!"

"ಇಲ್ಲೇ ನಿಂತ್ರೆ ಅಮ್ಮಂಗೆ ಒಂದು ಹನೀನೂ ಸಿಗಲ್ಲ."

ಸುನಿಲ್ ಹಿಂದಿನ ಪೈಪನ್ನು ಮೋರಿಗೆ ಹಾಕಿ ವಾಲ್ವ್ ತಿರುಗಿಸಿದ. ನೀರು ಭೋರೆಂದಿತು. ಗಲ್ಲಿಯಿಂದ ಹೆಂಗಸರು ಬಿಂದಿಗೆ, ಬಕೆಟ್ಟು, ಪೇಂಟ್ ಡಬ್ಬ ಹಿಡಿದು ಓಡಿ ಬಂದರು.

"ಕುಡಿಯೋಕಾಗತ್ತಾ ಅಣ್ಣಾ?" ಎಂದು ಒಬ್ಬಾಕೆ ಕೇಳಿದಳು. ಆಗುತ್ತದೆ ಎಂದು ಅವನು ತಲೆಯಾಡಿಸಿದ. ಟ್ಯಾಂಕಿನ ಹೊಟ್ಟೆಯನ್ನು ಗೆಣ್ಣಿನಿಂದ ತಟ್ಟುತ್ತ, ಟೊಳ್ಳು ಸದ್ದು ಕೆಳಗಿಳಿಯುವುದನ್ನೇ ಆಲಿಸುತ್ತ ನಿಂತ. ಅದು ನಡುವಿಗೆ ಬಂದದ್ದೇ ವಾಲ್ವ್ ಮುಚ್ಚಿದ.

"ಇನ್ನೊಂಚೂರು—" ಎಂದ ನಜೀರ್.

"ಇಲ್ಲ. ಎತ್ತು ಈಗ."

ಹಲಗೆ ನರಳಿತು, ಆದರೆ ನಿಂತಿತು. ಗಾಲಿ ಕಳಚಿದಾಗ ಬೇರಿಂಗಿನ ಉರುಳೆಗಳು ಸುಟ್ಟು ನೀಲಿಯಾಗಿದ್ದವು. ಹಬ್‌ನೊಳಗೆ ಕಚ್ಚಿದ್ದ ಬೇರಿಂಗಿನ ಹಳೆಯ ಉಕ್ಕಿನ ಬಳೆಯನ್ನು ನಜೀರ್ ಉಳಿಯಿಟ್ಟು ಹೊಡೆದು ಹೊರತೆಗೆದ. ಅದನ್ನೇ ಹೊಸ ಬಳೆಯ ಮೇಲಿಟ್ಟು ಸುತ್ತಲೂ ಸಮನಾಗಿ ತಟ್ಟಿ ಕೂರಿಸಿದ. ಸುನಿಲ್ ಅಂಗೈಯಲ್ಲಿ ಗ್ರೀಸ್ ಒತ್ತಿ ಉರುಳೆಗಳ ಸಂದು ತುಂಬಿದ. ನಜೀರ್ ಗಾಲಿ ತಿರುಗಿಸುತ್ತಲೇ ನಟ್ ಬಿಗಿದು, ಮತ್ತೆ ತುಸು ಸಡಿಲಿಸಿದ.

"ಟೈಟಾಗೇ ಇರ್ಲಿ ಬಿಡೋ!"

"ಸುಡಬೇಕಾ ಇನ್ನೊಂದ್ಸಲ? ಜಾಗ ಬೇಕು ಅದಕ್ಕೆ. ಹೋಗು, ಕೂತ್ಕೋ."

ಹಲಸೂರಿನಲ್ಲಿ ಸಂಪಿಗೆ ನೀರು ಬಿದ್ದ ಮೇಲೆ ಟೆಕ್ನಿಷಿಯನ್ ಇಣುಕಿ ನೋಡಿ, "ಅರ್ಧಾನಾ?" ಎಂದ. ಒಳಗೆ ಹೋಗಿ ಡಾಕ್ಟರೊಂದಿಗೆ ಮಾತಾಡಿ ಬಂದ. "ಕಾಯ್ತಿರೋರನ್ನೆಲ್ಲ ಈಗ ಮಷೀನಿಗೆ ಹಾಕ್ತೀವಿ. ಆದ್ರೆ ಎಲ್ರಿಗೂ ಅರ್ಧ ಟೈಮೇ. ಅದು ಮುಗಿಯೋದ್ರೊಳಗೆ ಇನ್ನೊಂದು ಲೋಡ್ ಬಂದ್ರೆ ಮುಂದುವರಿಸ್ತೀವಿ. ಇಲ್ಲಾಂದ್ರೆ ಇಳಿಸ್ಬೇಕು."

ಅವನಮ್ಮ ಪಟಾಲಮ್ಮ ಊದಿದ ಕಾಲು ಚಾಚಿ ಕುರ್ಚಿಯಲ್ಲಿ ಕೂತಿದ್ದಳು. ತೋಳಿಗೆ ಸೂಜಿ ಹೋಗಿತ್ತು. "ಕೈಯೆಲ್ಲ ಏನೋ ಅದು ಮಸಿ?" ಎಂದಳು, ಪದಪದಕ್ಕೂ ಏದುಸಿರು ಬಿಡುತ್ತ. "ತೊಳ್ಕೊಂಡು ಬಾರೋ."

"ಬಂದು ತೊಳ್ಕೋತೀನಮ್ಮ."

ಇಲ್ಲಿ ಯಾವ ನೀರಲ್ಲಿ ತೊಳೆಯುವುದು? ಅವನು ಕೆಳಗೋಡಿ ಲಾರಿ ಹತ್ತಿದ. ಸೀಟಿನಡಿಯಿಂದ ಸ್ಪ್ಯಾನರ್ ಎಳೆದು ಎಡಬಾಗಿಲಿನ ಗಾಜಿಗೆ ಬಾರಿಸಿದ. ಎರಡನೇ ಏಟಿಗೆ ಅದು ಪುಡಿಯಾಗಿ ರಸ್ತೆಗೆ ಸುರಿಯಿತು. ಖಾಲಿ ಟ್ಯಾಂಕರ್ ಇನ್ನೊಂದು ಲೋಡಿಗೆ ಕಗ್ಗದಾಸಪುರದ ಬೋರ್‌ವೆಲ್ ಕಡೆ ತಿರುಗಿತು. ಹಾರ್ನುಗಳ ನಡುವೆ, ಕಿವಿಯನ್ನು ಎಡಕ್ಕಿಟ್ಟು, ಅವನು ಗಾಲಿಯ ಸದ್ದನ್ನಷ್ಟೇ ಹುಡುಕುತ್ತ ಹೋದ.