ಮಾರಿಕೊಂಡ ಮುಡಿ

ಯಗಟಿ ಊರಿನ ತಮ್ಮ ಮನೆ ಬಾಗಿಲಲ್ಲಿ ಪಕ್ಕದ ಮನೆಯ ಭಾಗೀರಥಮ್ಮ ಬ್ರೆಡ್ಡು, ಮೂಸಂಬಿ ಹಿಡಿದು ಅಳುತ್ತ ನಿಂತಿದ್ದನ್ನು ಕಂಡು ಮಲ್ಲಿಕಾಂಬ ಗಾಬರಿಯಾದರು.

"ನಿಂಗೆ ಕ್ಯಾನ್ಸರ್ ಅಂತೆ, ಒಂದ್ ಮಾತೂ ಹೇಳ್ಲಿಲ್ವಲ್ಲೇ! ಬೀರೂರಲ್ಲಿರೋ ನನ್ ಮಗಳು ಫೋನಲ್ಲಿ ನೋಡಿ ದುಡ್ಡೂ ಹಾಕಿದ್ಲು ಕಣೇ," ಎಂದು ಭಾಗೀರಥಮ್ಮ ಮೊಬೈಲ್ ತೋರಿಸಿದರು.

ಅದರಲ್ಲಿ ಮಲ್ಲಿಕಾಂಬ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ತಲೆ ನುಣ್ಣಗೆ ಬೋಳು. 'ನನ್ನ ತಾಯಿಯನ್ನು ಉಳಿಸಿಕೊಡಿ' ಎಂದು ಕೆಳಗೆ ಬರೆದಿತ್ತು. ಹಣ ಹಾಕಲು ಕೊಟ್ಟಿದ್ದ ನಂಬರು ಮಗ ಓಂಕಾರೇಶನದು.

ಒಳಗಿನಿಂದ ಓಡಿಬಂದ ಓಂಕಾರೇಶ ತಾಯಿಯ ಹೆಗಲು ಹಿಡಿದು ಪಿಸುಗುಟ್ಟಿದ: "ಹೋಗಿ ಮಲಕ್ಕೊಳ್ಳಮ್ಮ. ಗೊತ್ತಾದ್ರೆ ಪೊಲೀಸ್ನೋರು ನನ್ನ ಎಳ್ಕೊಂಡ್ ಹೋಗ್ತಾರೆ."

ಮಲ್ಲಿಕಾಂಬ ಮೈಮೇಲೆ ಬಿದ್ದ ಹಲ್ಲಿಯನ್ನು ಕೊಡವುವಂತೆ ಆ ಕೈಯನ್ನು ಕೊಡವಿ, ತಲೆಯ ಮೇಲಿನ ಸೆರಗನ್ನು ಸರಿಸಿದರು.

"ಕ್ಯಾನ್ಸರೂ ಇಲ್ಲ, ಮಣ್ಣೂ ಇಲ್ಲ ಕಣೇ. ಇವ್ನು ಬೈಕಿಂದ ಬಿದ್ದು ಆಸ್ಪತ್ರೇಲಿ ಮಲಗಿದ್ನಲ್ಲ, ಬದುಕ್ಲಿ ಅಂತ ಮನೆದೇವ್ರಿಗೆ ಹರಕೆ ಹೊತ್ತು ಕೊಟ್ಟ ಮುಡಿ ಇದು. ದಣಿದು ಮಲಗಿದ್ದಾಗ ಫೋಟೋ ತೆಗ್ದು ಮಾರ್ಕೊಂಡವ್ನೆ. ಥೂ! ನಿನ್ ಮಗಳಿಗೆ ಹೇಳು, ಪೊಲೀಸ್ನೋರಿಗೆ ಫೋನ್ ಮಾಡ್ಲಿ. ಅವ್ರು ಬರೋವರ್ಗೂ ಈ ಬಾಗ್ಲಲ್ಲಿ ನಾನೇ ಕೂತಿರ್ತೀನಿ."