ಹೊಗೆಯ ಪಂದ್ಯ

"ಕೆಮ್ಮು?"

"ಇಲ್ಲ ಮೇಡಂ."

"ಮೆಟ್ಟಿಲು ಹತ್ತಿದ್ರೆ ಏದುಸಿರು?"

"ಇಲ್ಲ ಮೇಡಂ."

ಕುರ್ಚಿಯಲ್ಲಿ ಕೂತಿದ್ದರೂ ಮಾಜಿ ಸೈನಿಕನ ಬೆನ್ನು ಕೋಲಿನಂತೆ ನೆಟ್ಟಗಿತ್ತು. ಪಕ್ಕದಲ್ಲಿದ್ದ ಹೆಂಡತಿ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಸೇನಾ ಶಿಬಿರಗಳಲ್ಲಿ ಕಸ ಸುಡುವ ಗುಂಡಿಯ ಹೊಗೆ ಕುಡಿದವರಿಗೆ ಸರ್ಕಾರ ಜೀವನಪೂರ್ತಿ ಚಿಕಿತ್ಸೆ ಕೊಡುತ್ತದೆಂದು ಕೇಳಿ, ಒಲ್ಲೆನೆಂದವನನ್ನು ಎಳೆದು ತಂದವಳು ಅವಳೇ. ಈ ವೈದ್ಯೆ 'ಆರೋಗ್ಯವಾಗಿದ್ದಾರೆ' ಎಂದು ಬರೆದುಬಿಟ್ಟರೆ ಎಲ್ಲ ಮುಗಿದಂತೆ.

"ಮೇಡಂ, ಇವರು ಮಲಗಿ ನಿದ್ದೆ ಮಾಡಿ ವರ್ಷ ಆಯ್ತು. ಗೋಡೆಗೆ ಒರಗಿ ಕೂತೇ ಕಣ್ಣು ಮುಚ್ಚೋದು."

"ಪಹರೆ ಕಾದ ಅಭ್ಯಾಸ ಮೇಡಂ."

"ಹೌದೌದು, ನಮ್ಮನೆ ಪಾತ್ರೆ ಕದಿಯೋಕೆ ಶತ್ರುಗಳು ದಂಡೆತ್ತಿ ಬರ್ತಾರಲ್ಲ!"

ವೈದ್ಯೆ ನಕ್ಕಳು. ಇಂಥವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಹುಷಾರಿಲ್ಲ ಎಂದವನನ್ನು ಮೈಗಳ್ಳ ಎನ್ನುವ ಕಡೆ ಪಳಗಿದ ನಾಲಿಗೆ ಅಷ್ಟು ಸುಲಭಕ್ಕೆ ತಿರುಗದು. ಪೆನ್ನು ಕೆಳಗಿಟ್ಟು, ಗಲ್ಲಕ್ಕೆ ಕೈ ಆನಿಸಿ ಕೂತಳು.

"ಅದಿರಲಿ. ಆ ಗುಂಡೀಲಿ ಏನೇನ್ ಸುಡ್ತಿದ್ರಿ?"

ಅವನ ಮುಖ ಅರಳಿತು. "ಏನ್ ಸುಡ್ತಿರಲಿಲ್ಲ ಅಂತ ಕೇಳಿ! ಟೈರು, ಪ್ಲಾಸ್ಟಿಕ್ಕು, ಬ್ಯಾಟರಿ, ಆಸ್ಪತ್ರೆ ಕಸ. ಕಣ್ಣು ಕಟ್ಟಿ ನಿಲ್ಲಿಸಿದ್ರೂ ಏನು ಸುಡ್ತಿದೆ ಅಂತ ವಾಸನೆ ಮೇಲೇ ಹೇಳ್ತಿದ್ದೆ. ಅದೇ ನಮ್ಮ ಪಂದ್ಯ. ಸೋತವನು ಗೆದ್ದವನ ಬೂಟು ಒರೆಸ್ಬೇಕು. ನಾನು ಒಂದಿನಾನೂ ಒರೆಸಿಲ್ಲ."

"ಅದಕ್ಕಾ ನಿಮ್ಮ ಗೆಳೆಯರು ಮೂಗಣ್ಣ ಅನ್ನೋದು?" ಹೆಂಡತಿ ಪೂರ್ತಿ ಅವನತ್ತ ತಿರುಗಿದಳು. "ಮೂಗು ದಪ್ಪ ಇದೆ ಅಂತ ಅಂದ್ಕೊಂಡಿದ್ದೆ ಕಣ್ರೀ ಇಷ್ಟು ವರ್ಷ!"

"ಗೆಲ್ತಿದ್ದಿದ್ದು ಹೇಗೆ?" ಎಂದಳು ವೈದ್ಯೆ.

"ಉಳಿದವರು ಮೇಲೆ ಮೇಲೆ ಮೂಸ್ತಿದ್ರು. ನಾನು ಗುಂಡಿ ಅಂಚಿಗೇ ಹೋಗಿ, ಹೊಟ್ಟೆ ತನಕ ಎಳೆದು, ಹಿಡ್ಕೊಂಡು ನಿಲ್ತಿದ್ದೆ."

"ಎಲ್ಲಿ, ಎಳೆದು ತೋರಿಸಿ." ಅವಳ ಸ್ಟೆತಸ್ಕೋಪು ಆಗಲೇ ಅವನ ಬೆನ್ನ ಮೇಲಿತ್ತು.

ಅವನು ಹುರುಪಿನಿಂದ ಉಸಿರೆಳೆದ. ಅರ್ಧಕ್ಕೇ ಅದು ಸಿಕ್ಕಿಕೊಂಡಿತು. ಮತ್ತೆ ಎಳೆದ. ಎದೆಯೊಳಗೆ ಏನೋ ಸಿಳ್ಳೆ ಹಾಕಿತು. ಬಳಿಕ ಬಂದ ಕೆಮ್ಮು ಆ ನೆಟ್ಟಗಿನ ಬೆನ್ನನ್ನು ಮೊಣಕಾಲಿನವರೆಗೂ ಬಗ್ಗಿಸಿತು. ಹೆಂಡತಿ ಬೆನ್ನು ನೀವುತ್ತಲೇ ಇದ್ದಳು.

"ಇನ್ನೊಂದ್ಸಲ ಮೇಡಂ, ಈ ಸಲ ಸರಿಯಾಗಿ..."

"ಬೇಡ. ಸರಿಯಾಗೇ ತೋರಿಸಿದ್ರಿ." ವೈದ್ಯೆ ಬರೆಯತೊಡಗಿದಳು. "ಎದೆ ಪರೀಕ್ಷೆಗೆ ಕಳಿಸ್ತೀನಿ, ಚಿಕಿತ್ಸೆಗೆ ಶಿಫಾರಸೂ ಮಾಡ್ತೀನಿ. ಅಂದಹಾಗೆ, ನಿಮ್ಮ ಬೂಟು ಒರೆಸಿದವರು ಬಂದು ತೋರಿಸ್ಕೊಂಡ್ರಾ?"

ಅವನು ಜೇಬಿನಲ್ಲಿದ್ದ ಫೋನು ಮುಟ್ಟಿ ನೋಡಿಕೊಂಡ.

ಹೊರಗೆ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಹಳೆಯ ಗೆಳೆಯರ ಹೆಸರುಗಳನ್ನು ಹುಡುಕಿದ. ಕೊನೆಗೆ ಒಂದು ಹೆಸರು ಒತ್ತಿದ. ಹೆಂಡತಿ ಕಿವಿ ಹತ್ತಿರ ತಂದಳು.

"ಏನಪ್ಪಾ, ಹೇಗಿದ್ದೀಯ?" ಆ ಕಡೆಯಿಂದ ಹಳೆಯ ಗಟ್ಟಿ ದನಿ.

ಅವನು ಹೆಂಡತಿಯನ್ನು ನೋಡಿದ.

"ಚೆನ್ನಾಗಿಲ್ಲ ಕಣೋ," ಎಂದ. "ನೀನು?"

ಆ ಕಡೆ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು.